ಮಗ್ಗ ನಿಲ್ಲುವ ಒಂದು ತಾಸು

ನಲವತ್ತು ವರ್ಷಗಳಿಗೂ ಹೆಚ್ಚು ಕಾಲದಿಂದ ನಾನು ರವಿವಾರಕ್ಕೊಮ್ಮೆ ಚರ್ಚಿನ ಪ್ರವಚನ ಕೇಳುತ್ತ ಬಂದಿದ್ದೇನೆ. ಚರ್ಚಿನೊಳಗೆ ಮಾತ್ರ ಮೊನ್ನೆ ಮೊನ್ನೆಯವರೆಗೂ ಕಾಲಿಟ್ಟಿರಲಿಲ್ಲ. ಕೊರಳಲ್ಲಿ ಲಿಂಗ, ಹಣೆಯ ಮೇಲೆ ವಿಭೂತಿ, ಮೈಮೇಲೆ ಬನಿಯನ್, ಕೈಯಲ್ಲಿ ಚಹಾದ ಕಪ್ಪು, ಇದು ನನ್ನ ಶ್ರವಣಭಕ್ತಿಯ ವೇಷ. ಕಬನೂರಿನ ನಮ್ಮ ಕರೆಂಟಿನ ಮಗ್ಗದ ಶೆಡ್ಡಿಗೂ ಪಕ್ಕದ ಚಿಕ್ಕ ಚರ್ಚಿಗೂ ಇರುವುದು ಒಂದೇ ಗೋಡೆ. ಅದಕ್ಕೆ ಬೆನ್ನು ಕೊಟ್ಟು ಕೂತರೆ ಪಾಳಕರು, ಅಂದರೆ ಅಲ್ಲಿನ ಪಾದ್ರಿಗಳು, ಮರಾಠಿಯಲ್ಲಿ ಹೇಳುವ ಒಂದೊಂದು ಮಾತೂ ನೆಟ್ಟಗೆ ಕಿವಿಗೆ ಬರುತ್ತದೆ. ನಮ್ಮ ಮಠದ ಪ್ರವಚನದಲ್ಲಿ ಮುಂದಿನ ಸಾಲಿನಲ್ಲೇ ಕೂತು ತೂಕಡಿಸುವವನೆಂದು ನನಗೆ ಹೆಸರಿದೆ. ಈ ಗೋಡೆಯ ಬುಡದಲ್ಲಿ ಒಮ್ಮೆಯೂ ನಿದ್ದೆ ಬಂದಿಲ್ಲ. ಕದ್ದು ಕೇಳುವವರು ಎಚ್ಚರವಾಗಿರುತ್ತಾರೆ.

ಕಬನೂರನ್ನು ಕಾಣದವರಿಗೆ ಇಲ್ಲಿ ಒಂದು ಮಾತು ಹೇಳಬೇಕು. ಮಹಾರಾಷ್ಟ್ರದ ಇಚಲಕರಂಜಿಗೆ ಅಂಟಿಕೊಂಡ ಈ ಊರಲ್ಲಿ ಮಗ್ಗದ ಸದ್ದಿಲ್ಲದ ಓಣಿ ಹುಡುಕಿದರೂ ಸಿಗುವುದಿಲ್ಲ. ಹಾಗಾಗಿ ನಾವು ಕೂಗದೆ ಮಾತಾಡುವುದನ್ನೇ ಕಲಿಯಲಿಲ್ಲ. ಬೀಗರ ಮನೆಗೆ ಹೋಗಿ "ಆರಾಮ ಇದ್ದೀರೇನ್ರಿ?" ಅಂದರೆ ಅವರ ತೊಟ್ಟಿಲ ಕೂಸು ಎದ್ದು ಅಳುತ್ತದೆ. ಶೆಡ್ಡಿನೊಳಗಂತೂ ಕೂಗಿಯೂ ಉಪಯೋಗವಿಲ್ಲ. ಅಲ್ಲಿ ತುಟಿ ನೋಡಿ ಮಾತು ತಿಳಿಯಬೇಕು, ಬೆರಳಾಡಿಸಿ ಉತ್ತರ ಕೊಡಬೇಕು. ಮಗ್ಗದಲ್ಲಿ ದುಡಿದವರೆಲ್ಲ ಈ ವಿದ್ಯೆಯಲ್ಲಿ ಪಂಡಿತರು. ನನ್ನ ಹೆಂಡತಿ ಗಡಹಿಂಗ್ಲಜದವಳು, ಹಿತ್ತಲಲ್ಲಿ ಗುಬ್ಬಿ ಬಂದು ಕೂತರೂ ಕೇಳಿಸುವಂಥ ಮನೆಯಲ್ಲಿ ಬೆಳೆದವಳು. ಮದುವೆಯಾಗಿ ಬಂದ ಮೊದಲ ವಾರ ನಾನು ಏನು ಹೇಳಿದರೂ "ಯಾಕ ಸಿಟ್ಟಾಗ್ತೀರಿ?" ಎಂದು ಕಣ್ಣು ತುಂಬಿಕೊಳ್ಳುತ್ತಿದ್ದಳು. ನಾನು ಪ್ರೀತಿಯಿಂದಲೇ ಮಾತಾಡುತ್ತಿದ್ದೆನೆಂದು ಆಕೆಗೆ ಗೊತ್ತಾದದ್ದು ರವಿವಾರ ಬೆಳಿಗ್ಗೆ ಹತ್ತು ಗಂಟೆಗೆ, ಮಗ್ಗ ನಿಂತ ಮೇಲೆ.

ಹೌದು, ರವಿವಾರ ಹತ್ತರಿಂದ ಹನ್ನೊಂದರವರೆಗೆ, ಆಚೆ ಉಪಾಸನೆ ನಡೆಯುವ ಒಂದು ತಾಸು ನಮ್ಮ ಮಗ್ಗಗಳು ನಿಲ್ಲುತ್ತಿದ್ದವು. ನಮ್ಮ ವಾರದ ರಜೆ ಬೇರೆ ದಿನ, ಅವತ್ತು ನಾನು ನೂಲು ತರಲು ಪೇಟೆಗೆ ಹೋಗಿರುತ್ತಿದ್ದೆ; ರವಿವಾರ ದುಡಿಯುವ ದಿನವೇ. ಈ ಪದ್ಧತಿ ಹಾಕಿದವರು ನಮ್ಮ ಅಪ್ಪ, ಹಾಕಿಸಿದವಳು ಶಾಂತಾಬಾಯಿ. ಹಳೆಯ ಮಗ್ಗದ ಲಾಳಿಯೊಳಗೆ ನೂಲು ಸುತ್ತಿದ ಸಣ್ಣ ಕಾಂಡಿ ಇರುತ್ತದೆ. ಅದು ಮುಗಿದಂತೆ ಬೇರೆ ಕಾಂಡಿ ಹಾಕುತ್ತಿರಬೇಕು. ಆ ಕಾಂಡಿ ಸುತ್ತುವ ಮಷೀನಿನ ಮುಂದೆ ಕೂಡುತ್ತಿದ್ದವಳು ಶಾಂತಾಬಾಯಿ, ಪಕ್ಕದ ಚರ್ಚಿನವಳು. ಕೆಲಸಕ್ಕೆ ಸೇರಿದ ಮೊದಲ ರವಿವಾರ ಒಂದು ತಾಸು ಬಿಡುವು ಕೇಳಿದಳು, ಅಪ್ಪ ಹೂಂ ಅಂದರು. ಆಕೆ ಎದ್ದು ಹೋದ ಸ್ವಲ್ಪ ಹೊತ್ತಿಗೆಲ್ಲ ಕಾಂಡಿ ಮುಗಿದು ಮಗ್ಗಗಳು ಒಂದೊಂದಾಗಿ ನಿಂತವು. ಉಪಾಸನೆ ಮುಗಿಸಿ ಬಂದ ಆಗಿನ ಪಾಳಕರು ಅಪ್ಪನಿಗೆ ಕೈಮುಗಿದು, ನಮ್ಮ ಪ್ರಾರ್ಥನೆಗೆಂದು ಮಗ್ಗ ನಿಲ್ಲಿಸಿದಿರಿ, ನಿಮ್ಮ ಉಪಕಾರ ದೊಡ್ಡದು ಎಂದರು. ತಾನಾಗಿ ನಡೆದು ಬಂದ ಪುಣ್ಯವನ್ನು ಅಪ್ಪ ಬೇಡವೆನ್ನಲಿಲ್ಲ.

ಮುಂದಿನ ವಾರದಿಂದ ಹತ್ತು ಗಂಟೆಗೆ ತಾವೇ ಎದ್ದು ಸ್ವಿಚ್ ಆರಿಸತೊಡಗಿದರು. ಕೇಳಿದವರಿಗೆ, "ಮಂದಿ ದೇವರ ಕೂಡ ಮಾತಾಡಾಕತ್ತಾಗ ನಾವು ನಡುವ ಬಾಯಿ ಹಾಕಬಾರದ್ರೀ" ಎನ್ನುತ್ತಿದ್ದರು. ಕಾಂಡಿಯ ಸುದ್ದಿ ಎಲ್ಲೂ ಎತ್ತುತ್ತಿರಲಿಲ್ಲ. ಆದರೆ ಒಂದು ಮಾತು ಒಪ್ಪಬೇಕು. ಶನಿವಾರವೇ ನಾಲ್ಕು ಬುಟ್ಟಿ ಹೆಚ್ಚು ಕಾಂಡಿ ಸುತ್ತಿಟ್ಟು ಹೋಗು ಎಂದು ಅಪ್ಪ ಶಾಂತಾಬಾಯಿಗೆ ಹೇಳಬಹುದಿತ್ತು. ಸಾಯುವತನಕ ಹೇಳಲಿಲ್ಲ.

ಆ ಒಂದು ತಾಸಿನ ಋಣವನ್ನು ನೆನೆದರೆ ನನಗೆ ಈಗಲೂ ಮನಸ್ಸು ತುಂಬಿ ಬರುತ್ತದೆ. ನಮ್ಮ ಮನೆ ಶೆಡ್ಡಿಗೇ ಅಂಟಿಕೊಂಡದ್ದು. ನಾನೂ ನನ್ನ ಹೆಂಡತಿಯೂ ಸಂಸಾರದ ಮುಖ್ಯ ಮಾತುಗಳನ್ನೆಲ್ಲ ಆಡಿದ್ದು ಆ ತಾಸಿನಲ್ಲಿ. ಮಗಳಿಗೆ ಹೆಸರು ಗೊತ್ತುಮಾಡಿದ್ದು, ಅಪ್ಪನ ಕಾಯಿಲೆಯ ಬಗ್ಗೆ ಅಪ್ಪನಿಗೇ ಹೇಳಬೇಕೋ ಬೇಡವೋ ಎಂದು ಪಿಸುಗುಟ್ಟಿದ್ದು, ಎಲ್ಲ ಅಲ್ಲಿಯೇ. ಪಿಸುಮಾತು ಆಡಲು ನಮಗೆ ವಾರದಲ್ಲಿ ಬೇರೆ ಹೊತ್ತೇ ಇರಲಿಲ್ಲ. ಗೋಡೆಯಾಚೆ ಹಾಡು, ಈಚೆ ಈರುಳ್ಳಿ ಹೆಚ್ಚುತ್ತ ನಮ್ಮ ಮಾತುಕತೆ.

ಇನ್ನೊಂದು ಋಣ ಇದೆ, ಅದನ್ನು ಮೆಲ್ಲಗೆ ಹೇಳುತ್ತೇನೆ. ಒಂದು ಇಂಚು ಬಟ್ಟೆಯಲ್ಲಿ ಇಷ್ಟು ಅಡ್ಡ ಎಳೆ ಬೀಳಬೇಕೆಂದು ವ್ಯಾಪಾರಿಯ ಜೊತೆ ನಮ್ಮ ಮಾತಾಗಿರುತ್ತದೆ. ಮಗ್ಗದ ಒಂದು ಗಾಲಿ ಬದಲಿಸಿದರೆ ಎರಡು ಎಳೆ ಕಡಿಮೆ ಬೀಳುತ್ತವೆ, ಬಟ್ಟೆ ಬೇಗ ತಯಾರಾಗುತ್ತದೆ, ಬರಿಗಣ್ಣಿಗೆ ಗೊತ್ತಾಗುವುದಿಲ್ಲ. ಯೌವನದ ಜಾಣತನದಲ್ಲಿ ನಾನೂ ಒಮ್ಮೆ ಆ ಗಾಲಿ ಬದಲಿಸಿದೆ. ಮರುದಿನವೇ ರವಿವಾರ. ಚಹಾ ಹಿಡಿದು ಗೋಡೆಗೊರಗಿದರೆ ಪಾಳಕರು ಅವತ್ತು ಮೋಸದ ತಕ್ಕಡಿಯ ಬಗ್ಗೆ ಹೇಳುತ್ತಿದ್ದರು. ನನಗೆ ಚಹಾ ನೆತ್ತಿಗೇರಿತು. ಈ ಮನುಷ್ಯನಿಗೆ ಯಾರು ಹೇಳಿದರು? ಹನ್ನೊಂದು ಹೊಡೆಯುವುದರೊಳಗೆ ಎದ್ದು ಹೋಗಿ ಹಳೆಯ ಗಾಲಿಯನ್ನೇ ಕೂಡಿಸಿದೆ. ಆ ಪಾಳಕರಿಗೆ ಮಗ್ಗದಲ್ಲಿ ಅಂಥ ಗಾಲಿ ಇರುತ್ತದೆಂಬುದೇ ಗೊತ್ತಿರಲಿಲ್ಲ ಎಂದು ಆಮೇಲೆ ತಿಳಿಯಿತು. ತಿಳಿದ ಮೇಲೂ ಗಾಲಿಯನ್ನು ಮತ್ತೆ ಬದಲಿಸುವ ಧೈರ್ಯ ಬರಲಿಲ್ಲ.

ಈ ಕಥೆಯನ್ನು ಕೊಲ್ಹಾಪುರದಲ್ಲಿ ಕಾನೂನು ಓದುವ ನನ್ನ ಮಗಳಿಗೆ ಹೇಳಿದೆ. ಆಕೆ ನಕ್ಕಳು. "ಅಪ್ಪಾ, ಅದು ನಿಮ್ಮ ಕಾಲದ ಮಾತು. ಈಗ ಗುಡಿ, ಮಠ, ಚರ್ಚು ಯಾರನ್ನ ತಿದ್ದತಾವ? ಕಾಯ್ದೆ ಐತಿ, ಎಲ್ಲಾ ಕಡೆ ಕ್ಯಾಮೆರಾ ಅದಾವ" ಎಂದಳು. ಅವಳ ಮಾತನ್ನು ಸುಲಭವಾಗಿ ತಳ್ಳಿಹಾಕಲಾಗದು. ಪಕ್ಕದ ಚರ್ಚಿನಲ್ಲೇ ಮಂದಿ ಕಡಿಮೆಯಾಗಿದ್ದಾರೆ. ಇದ್ದ ಹರೆಯದವರು ಉಪಾಸನೆಯನ್ನೂ ಮೊಬೈಲಿನಲ್ಲಿ ನೋಡುತ್ತಾರಂತೆ. ನಮ್ಮ ಮಠದ ಗತಿಯೂ ಬೇರೆಯಲ್ಲ, ಅಲ್ಲಿ ಪ್ರವಚನಕ್ಕಿಂತ ಪ್ರಸಾದದ ಸಾಲು ಉದ್ದ. ನನ್ನ ಶೆಡ್ಡಿನಲ್ಲೂ ಈಗ ಮೂರು ಕ್ಯಾಮೆರಾ ಇವೆ. ಆದರೆ ಅವುಗಳ ಮುಂದೆ ಕೂತು ನೋಡುವವನು ನಾನೇ. ಗಾಲಿ ಬದಲಿಸಬಲ್ಲವನೂ ನಾನೇ.

ಇಷ್ಟು ಚೆನ್ನಾಗಿ ವಿಚಾರ ಮಾಡಬಲ್ಲ ನಾನು ಕಳೆದ ವರ್ಷ ಹಳೆಯ ಮಗ್ಗಗಳನ್ನು ಗುಜರಿಗೆ ಹಾಕಿ ಲಾಳಿಯಿಲ್ಲದ ಹೊಸ ರೇಪಿಯರ್ ಮಗ್ಗ ತಂದೆ. ಅವಕ್ಕೆ ಕಾಂಡಿ ಬೇಡ. ಅವು ಓಡುತ್ತಿದ್ದರೆ ಬಲು ಚೆಂದ, ನಡುವೆ ನಿಲ್ಲಿಸಿ ಮತ್ತೆ ಸುರು ಮಾಡಿದರೆ ಮಾತ್ರ ಬಟ್ಟೆಯ ಮೇಲೆ ಅಡ್ಡಕ್ಕೆ ಒಂದು ಸಣ್ಣ ಗೆರೆ ಬೀಳುತ್ತದೆ. ಮಗ್ಗ ರಿಪೇರಿ ಮಾಡುವ ನಮ್ಮ ಜಾಬರ್ ಮಹಾದೇವ ಅದಕ್ಕೆ ಪಟ್ಟಿ ಎನ್ನುತ್ತಾನೆ. "ಮಾಲಕ್ರ, ರವಿವಾರ ನಿಲ್ಲಸೂದು ಬ್ಯಾಡ್ರಿ. ಪಟ್ಟಿ ನೋಡಿದ್ರ ವ್ಯಾಪಾರಿ ಮಾಲು ವಾಪಸ್ ಕಳಸ್ತಾನ" ಎಂದ. ನಾನು ಬಹಳ ವಿಚಾರ ಮಾಡಿದವನಂತೆ ಮುಖ ಮಾಡಿ ಒಪ್ಪಿಕೊಂಡೆ. ಅಪ್ಪ ಹಾಕಿದ ಪದ್ಧತಿ ಒಂದು ರವಿವಾರ ಬೆಳಿಗ್ಗೆ ಯಾವ ಗದ್ದಲವೂ ಇಲ್ಲದೆ ಮುರಿಯಿತು. ಗದ್ದಲ ಇದ್ದದ್ದು ಮಗ್ಗದ್ದು ಮಾತ್ರ.

ಚರ್ಚಿನಿಂದ ಯಾರಾದರೂ ಬಂದು ಜಗಳ ತೆಗೆದಿದ್ದರೆ ನನಗೆ ಹಗುರಾಗುತ್ತಿತ್ತು. ಯಾರೂ ಬರಲಿಲ್ಲ. ನಾತಾಳಕ್ಕೆ, ಅಂದರೆ ಕ್ರಿಸ್‌ಮಸ್ ಹಬ್ಬಕ್ಕೆ, ಎಂದಿನಂತೆ ತಟ್ಟೆ ತುಂಬ ಕರ್ಜಿಕಾಯಿಯಂಥ ಕರಂಜಿ, ಚಕ್ಕುಲಿ, ಮೇಲೊಂದು ತುಂಡು ಕೇಕು ಬಂತು. ಹೆಂಡತಿ ತಟ್ಟೆಯನ್ನು ನನ್ನ ಮುಂದಿಟ್ಟು ಒಳಗೆ ಹೋದಳು. ಕರಂಜಿ ಎಂದಿನಷ್ಟೇ ರುಚಿಯಾಗಿತ್ತು, ನಾನು ಮಾತ್ರ ಒಂದನ್ನು ಅರ್ಧ ತಿಂದು ತಟ್ಟೆ ಸರಿಸಿದೆ.

ಅದಾಗಿ ತಿಂಗಳೊಪ್ಪತ್ತಿಗೆ ಈಗಿನ ಪಾಳಕರು ಬಂದರು. ಹರೆಯದವರು, ಗಡಹಿಂಗ್ಲಜದ ಕಡೆಯವರಾದ್ದರಿಂದ ಕನ್ನಡ ಚೆನ್ನಾಗಿ ಬಲ್ಲವರು. ಚರ್ಚಿನ ವಾರ್ಷಿಕೋತ್ಸವಕ್ಕೆ ನಾನು ಮಾತಾಡಬೇಕಂತೆ. ಬದಲಾಗುತ್ತಿರುವ ಸಮಾಜದಲ್ಲಿ ಚರ್ಚಿನ ನೈತಿಕ ಪ್ರಭಾವ, ಇದು ವಿಷಯ. "ನಾನು ಲಿಂಗಾಯತ್ರೀ" ಎಂದೆ. "ಗೊತ್ತೈತಿ ಕಾಕಾ. ಆದ್ರ ನಿಮ್ಮಷ್ಟು ವರ್ಷ ನಮ್ಮ ಪ್ರವಚನ ಕೇಳಿದವರು ನಮ್ಮ ಮಂಡಳ್ಯಾಗೂ ಯಾರೂ ಉಳಿದಿಲ್ರಿ" ಎಂದು ನಕ್ಕರು. ಅವರು ನನ್ನನ್ನು ಚುಚ್ಚಲಿಲ್ಲ, ಮನಸಾರೆ ಹೇಳಿದರು. ಅದಕ್ಕೇ ಹೆಚ್ಚು ಚುಚ್ಚಿತು.

ಭಾಷಣವೆಂದರೆ ನನಗೆ ಮೊದಲಿನಿಂದಲೂ ಆಸೆ. ನಾಲ್ಕು ಪುಟ ಬರೆದೆ. ನೈತಿಕತೆ ಎಂಬ ಶಬ್ದವೇ ಹನ್ನೊಂದು ಸಲ ಬಂದಿತ್ತು. ಒಂದಿಷ್ಟು ಹಳೆಯ ನೆನಪು ಸೇರಿಸೋಣವೆಂದು ಹಿಂದಿನ ದಿನ ಸಂಜೆ ಶಾಂತಾಬಾಯಿಯ ಮನೆಗೆ ಹೋದೆ. ಎಪ್ಪತ್ತೈದು ದಾಟಿದ್ದಾಳೆ. ಜೀವಮಾನವೆಲ್ಲ ಮಗ್ಗದ ಸದ್ದಿನಲ್ಲಿ ಕೂತು ಕಿವಿ ಪೂರ್ತಿ ಹೋಗಿವೆ. ನನಗೆ ಅರವತ್ತು ಸಮೀಪಿಸಿದರೂ ಆಕೆಗೆ ನಾನು ಇನ್ನೂ 'ಬಾಳಾ', ಅಂದರೆ ಮರಾಠಿಯಲ್ಲಿ ಮಗು. ನಮ್ಮ ಹಳೆಯ ವಿದ್ಯೆ ಕೆಲಸಕ್ಕೆ ಬಂತು. ನಾನು ಸದ್ದು ಮಾಡದೆ ತುಟಿ ಆಡಿಸಿದೆ, ಆಕೆ ನೋಡಿ ಮಾತಾಡಿದಳು.

"ಪಾಳಕರ ಪ್ರವಚನ ತಿಳೀತೈತೇನು?" ಎಂದೆ.

"ತುಟಿ ನೋಡ್ತೇನಲ್ಲ ಬಾಳಾ, ಎಲ್ಲಾ ತಿಳೀತೈತಿ. ಪ್ರಾರ್ಥನಾ ಬಂದಾಗ ಅಷ್ಟ ತ್ರಾಸ." ಆಕೆಗೆ ನಗು ಬಂತು. "ಕಣ್ಣು ಮುಚ್ಚಬೇಕಲ್ಲ? ಕಣ್ಣು ಮುಚ್ಚಿದ್ರ ನನಗೇನೂ ತಿಳಿಯೂದಿಲ್ಲ. ಮೊದಲ, ಕಾಲ ಕೆಳಗಿನ ನೆಲ ಸುಮ್ನ ಇರ್ತಿತ್ತು, ದೇವರ ಮನ್ಯಾಗ ಕುಂತೇನಿ ಅಂತ ಗೊತ್ತಾಗ್ತಿತ್ತು. ಈಗ ನೆಲ ನಡಗತೈತಿ. ಕಾಂಡಿ ಮಷೀನಿನ ಮುಂದ ಕುಂತಂಗ ಆಗತೈತಿ ನೋಡು. ಜೋಡಿಸಿದ ಕೈ ಬಿಟ್ಟು ಬೆರಳು ತಾವ ಕಾಂಡಿ ಹುಡಕತಾವ! ನನ್ನ ಮೊಮ್ಮಗಳು ಕೈ ಹಿಡೀತಾಳ, ಆಜಿ, ಕೆಲಸ ಬಂದ್ ಮಾಡು ಅಂತಾಳ."

ಅವಳು ಇದನ್ನು ನಗಲಿಕ್ಕೆಂದೇ ಹೇಳಿದಳು. ತನ್ನ ಕೆಳಗಿನ ನೆಲ ನಡುಗಿಸುವವನು ಎದುರಿಗೇ ಕೂತಿದ್ದಾನೆ ಎಂಬ ದೂರು ಅವಳ ಮುಖದಲ್ಲಿ ಎಲ್ಲಿಯೂ ಇರಲಿಲ್ಲ. ನನಗೆ ನಾಚಿಕೆಯಾಯಿತು, ತಲೆ ಎತ್ತಲಾಗಲಿಲ್ಲ. ನಮ್ಮ ಮನೆಯ ಅನ್ನಕ್ಕಾಗಿ ಅಷ್ಟು ವರ್ಷ ದುಡಿದ ಬೆರಳು ಅವು. ವಾರದಲ್ಲಿ ಒಂದೇ ಒಂದು ತಾಸು ಅವು ತಮ್ಮಷ್ಟಕ್ಕೆ ತಾವು ಇರುತ್ತಿದ್ದವು. ಅದನ್ನೂ ನಾನು ಕಸಿದುಕೊಂಡಿದ್ದೆ. ಕಾಂಡಿಯ ಗರಜು ಇದ್ದಾಗ ಮಗ್ಗ ನಿಲ್ಲಿಸಿ ದೊಡ್ಡವರೆನಿಸಿಕೊಂಡೆವು. ಗರಜು ತೀರಿದ ಮೊದಲ ವರ್ಷವೇ ನಮ್ಮ ದೊಡ್ಡತನವೂ ತೀರಿತ್ತು.

ಮರುದಿನ ರವಿವಾರ, ವಾರ್ಷಿಕೋತ್ಸವ. ಬೆಳಿಗ್ಗೆ ಮಹಾದೇವನಿಗೆ ಹತ್ತಕ್ಕೆ ಮಗ್ಗ ನಿಲ್ಲಿಸು ಎಂದೆ.

"ಪಟ್ಟಿ ಬೀಳ್ತಾವ್ರಿ, ಮಾಲಕ್ರ!"

"ಬೀಳ್ಲಿ."

ಇಸ್ತ್ರಿ ಅಂಗಿ ತೊಟ್ಟು ಗೋಡೆಯ ಆಚೆಗೆ ಮೊದಲ ಸಲ ಹೋದೆ. ಚಹಾ ಇಲ್ಲದೆ ಪ್ರವಚನ ಕೇಳುವುದು ಕಷ್ಟವೆಂದು ಅವತ್ತೇ ಗೊತ್ತಾದದ್ದು. ಪ್ರಾರ್ಥನೆಗೆ ಎಲ್ಲರೂ ಕಣ್ಣು ಮುಚ್ಚಿದರು. ರೀತಿ ಗೊತ್ತಿಲ್ಲದ ನಾನು ತೆರೆದುಕೊಂಡೇ ಕೂತಿದ್ದೆ, ಅದು ಒಳ್ಳೆಯದೇ ಆಯಿತು. ಮುಂದಿನ ಸಾಲಿನ ತುದಿಯಲ್ಲಿ ಶಾಂತಾಬಾಯಿ ಬರಿಗಾಲನ್ನು ನೆಲಕ್ಕೆ ಊರಿ ಕೂತಿದ್ದಳು. ಮೊದಲು ಬೆರಳುಗಳು ಒಂದು ಸಲ ಆಡಿದವು. ಮೊಮ್ಮಗಳು ಕೈ ಚಾಚಿದಳು. ಅಷ್ಟರಲ್ಲಿ ಅವು ನಿಂತವು, ಕೈ ಕೂಡಿದವು, ಹಾಗೆಯೇ ಉಳಿದವು. ಮೊಮ್ಮಗಳು ತನ್ನ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು. ಅಲ್ಲಿ ಯಾವ ದೇವರಿದ್ದಾನೋ ಅವನಿಗೆ ನಾನು ಮನಸ್ಸಿನಲ್ಲೇ ಶರಣು ಅಂದೆ.

ನನ್ನ ಸರದಿ ಬಂತು. ನಾಲ್ಕು ಪುಟ ಕಿಸೆಯಲ್ಲೇ ಇದ್ದವು. ಅಪ್ಪನ ಕಾಂಡಿಯ ಗುಟ್ಟು ಹೇಳಿದೆ, ಗಾಲಿಯ ಗುಟ್ಟು ಹೇಳಿದೆ, ಇತ್ತೀಚಿನ ನನ್ನ ತಪ್ಪನ್ನೂ ಹೇಳಿದೆ. ಎಲ್ಲರೂ ಧಾರಾಳವಾಗಿ ನಕ್ಕರು. ನನ್ನ ತುಟಿ ನೋಡುತ್ತಿದ್ದ ಶಾಂತಾಬಾಯಿ ಮಾತ್ರ, ಎಲ್ಲರೂ ನಕ್ಕು ಮುಗಿಸಿದ ಮೇಲೆ, ನನ್ನತ್ತ ಬೆರಳಾಡಿಸಿ ಶೆಡ್ಡಿನ ಹಳೆಯ ಸನ್ನೆಯೊಂದನ್ನು ಮಾಡಿದಳು. ಮಗ್ಗ ಸರಿಯಾಗಿ ನಡೆಯುತ್ತಿದೆ ಎಂದು ಅದರ ಅರ್ಥ.

ಬದಲಾಗುತ್ತಿರುವ ಸಮಾಜದಲ್ಲಿ ಚರ್ಚಿನ ಪ್ರಭಾವ ಎಷ್ಟು ಉಳಿದಿದೆಯೆಂದು ನನ್ನ ಮಗಳು ಮತ್ತೆ ಕೇಳಿದರೆ ಹೇಳಲು ಈಗ ನನ್ನ ಹತ್ತಿರ ಒಂದು ಅಳತೆಯಿದೆ. ಈಗ ಪ್ರತಿ ರವಿವಾರ ಹತ್ತಕ್ಕೆ ಮಗ್ಗ ಮತ್ತೆ ನಿಲ್ಲುತ್ತವೆ, ಮಹಾದೇವ ತನ್ನ ಜಾಣತನವನ್ನೆಲ್ಲ ಬಳಸಿ ಪಟ್ಟಿಯನ್ನು ಬಲು ತೆಳ್ಳಗೆ ಮಾಡಿದ್ದಾನೆ. ಆದರೂ ಪೂರ್ತಿ ಹೋಗಿಲ್ಲ. ವ್ಯಾಪಾರಿ ಗೊಣಗುತ್ತಾನೆ, ಕೊಳ್ಳುತ್ತಾನೆ. ನೀವು ತೊಟ್ಟ ಅಂಗಿಯಲ್ಲಿ ಎಲ್ಲಾದರೂ ಅಡ್ಡಕ್ಕೆ ಕೂದಲೆಳೆಯಂಥ ಗೆರೆಯೊಂದು ಕಂಡರೆ ನೇಯ್ದವನನ್ನು ದಯವಿಟ್ಟು ಬೈಯಬೇಡಿ. ಅದು ಕಬನೂರಿನ ರವಿವಾರ ಬೆಳಿಗ್ಗೆ ಹತ್ತು ಗಂಟೆ. ಅಲ್ಲಿ ಒಬ್ಬ ಮುದುಕಿಯ ಕೈಗಳು ಆಗ ಸುಮ್ಮನಿದ್ದವು.