ಮೊದಲ ಹೆಪ್ಪು

ನರೇಗಲ್ಲಿನ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಪುಷ್ಪಾವತಿಯ ಮನೆಯಲ್ಲಿ ಹೆಪ್ಪು ಉಳಿಯುವುದೇ ಇಲ್ಲ ಎಂದು ಓಣಿಯೆಲ್ಲ ನಗುತ್ತಿತ್ತು. ಒಬ್ಬಳೇ ಹೆಂಗಸು, ಒಂದು ಕುಡಿಕೆ ಮೊಸರು, ಅದರಲ್ಲಿ ನಾಳೆಯ ಹಾಲಿಗೆಂದು ಒಂದು ಚಮಚ ತೆಗೆದಿಡಲು ಬರುವುದಿಲ್ಲವೇ? ಬರುತ್ತಿತ್ತು. ಅವಳು ಬೇಕೆಂದೇ ತೆಗೆದಿಡುತ್ತಿರಲಿಲ್ಲ. ತಳದಲ್ಲಿ ಉಳಿದದ್ದಕ್ಕೂ ನೀರು, ಉಪ್ಪು ಬೆರೆಸಿ ಮಜ್ಜಿಗೆ ಮಾಡಿ ಕುಡಿದುಬಿಡುತ್ತಿದ್ದಳು. ಹೆಪ್ಪು ಉಳಿದುಬಿಟ್ಟರೆ ಸಂಜೆ ಎದುರುಮನೆಯ ಫಕೀರವ್ವನ ಬಾಗಿಲಿಗೆ ಏನೆಂದು ಹೋಗುವುದು?

ನೆಪವಿಲ್ಲದೆ ಹೋದರೆ ಯಾರು ಬೇಡ ಅನ್ನುತ್ತಾರೆ ಎಂದು ಕೇಳುವವರು ಒಂಟಿಯಾಗಿ ಬದುಕಿದವರಲ್ಲ. ತುಂಬಿದ ಮನೆಯ ಮುಂದೆ ನಿಂತು "ಸುಮ್ಮನೆ ಬಂದೆ" ಅನ್ನುವುದು ಸಣ್ಣ ಕೆಲಸವೇನೂ ಅಲ್ಲ. ಪುಷ್ಪಾವತಿಯ ತವರು ಗಜೇಂದ್ರಗಡ. ಮಗ್ಗದ ಮೇಲೆ ಕೂತೇ ಮುದುಕನಾದ ಅಪ್ಪ ಹೋದ, ಅವ್ವನೂ ಹೋದಳು, ಅಣ್ಣ ಮನೆ ಮಾರಿದ. ಹೆಣ್ಣು ನೋಡಲು ಬಂದವರೆಲ್ಲ ಉಪ್ಪಿಟ್ಟು ತಿಂದು "ತಿಳಿಸ್ತೀವ್ರಿ" ಅಂದು ಎದ್ದು ಹೋದರು. ಒಬ್ಬರಾದರೂ ತಿಳಿಸಿದ್ದರೆ ಕೇಳಿ. ಈಗ ಐವತ್ತು ದಾಟಿತ್ತು. ಫಕೀರವ್ವನ ಪರಿಚಯವಾಗುವ ಮೊದಲು ಭಾನುವಾರವಿಡೀ ಮಾತಿಲ್ಲದೆ ಕಳೆದು, ಸೋಮವಾರ ಹಾಜರಿ ಕರೆಯಲು ಬಾಯಿ ತೆರೆದರೆ ಗಂಟಲು ಕಟ್ಟಿರುತ್ತಿತ್ತು.

ಫಕೀರವ್ವನದು ಮಗ, ಸೊಸೆ, ಮೊಮ್ಮಕ್ಕಳಿದ್ದ ಮನೆ. ಮಗನದು ಹಿಟ್ಟಿನ ಗಿರಣಿ. ದೀಪ ಹಚ್ಚಿದ ಮೇಲೆ ಹೆಪ್ಪು ಕೊಟ್ಟರೆ ಮನೆಯ ಲಕ್ಷ್ಮಿ ಹೋಗುತ್ತಾಳೆಂದು ನಂಬಿದ ಮುದುಕಿ ಅವಳು. ಪುಷ್ಪಾವತಿ ಹೆಚ್ಚಿನ ಕ್ಲಾಸು ಮುಗಿಸಿ ಬರುವಷ್ಟರಲ್ಲಿ ದೀಪ ಹಚ್ಚಿಯಾಗಿರುತ್ತಿತ್ತು. ಅದಕ್ಕೆ ಮುದುಕಿ ಒಂದು ದಾರಿ ಹುಡುಕಿದ್ದಳು. ಹೆಪ್ಪಿನ ಬಟ್ಟಲನ್ನು ಹೊಸ್ತಿಲ ಹೊರಗಿಟ್ಟು ಮುಖ ಆಚೆ ತಿರುಗಿಸಿ ಕೂತುಬಿಡುವಳು.

"ನಾ ಕೊಟ್ಟಿಲ್ರಿ ಅಕ್ಕೋರ. ನೀವ ತಗೊಂಡ್ರಿ," ಅನ್ನುವಳು. ಲಕ್ಷ್ಮಿಗೆ ಇಷ್ಟೂ ತಿಳಿಯುವುದಿಲ್ಲವೇನೋ. ಆಮೇಲೆ ಕಟ್ಟೆಯ ಮೇಲೆ ಇಬ್ಬರ ಮಾತು ಶುರುವಾಗುತ್ತಿತ್ತು. ಪುಷ್ಪಾವತಿಯ ಇಡೀ ದಿನ ಆ ಅರ್ಧ ತಾಸಿಗಾಗಿ ನಡೆಯುತ್ತಿತ್ತು.

"ಇವತ್ತ ಏನ್ ಕಲಿಸಿದ್ರಿ?" ಎಂದು ಒಂದು ಸಂಜೆ ಫಕೀರವ್ವ ಕೇಳಿದಳು.

"ಭೂಮಿ ಮ್ಯಾಲೆ ಜೀವ ಹ್ಯಾಂಗ ಹುಟ್ತು ಅಂತ, ಯವ್ವಾ."

"ಹ್ಯಾಂಗ ಹುಟ್ತು?"

"ಗೊತ್ತಿಲ್ಲ."

ಮುದುಕಿ ಎಲೆ ಅಡಿಕೆಯ ಬಾಯಲ್ಲೇ ನಕ್ಕಳು. "ಗೊತ್ತಿಲ್ಲ ಅನ್ನಾಕ ಸರಕಾರ ನಿಮಗ ಪಗಾರ ಕೊಡತೈತೇನ್ರಿ?"

ಪುಷ್ಪಾವತಿಗೂ ನಗು ಬಂತು. ಕ್ಲಾಸಿನಲ್ಲಿ ಪೂಜಾ ಎಂಬ ಹುಡುಗಿಯೂ ಬಿಟ್ಟಿರಲಿಲ್ಲ. ಜೀವ ಜೀವದಿಂದಲೇ ಬರುತ್ತದೆ ಎಂದಿರಿ, ಹಾಗಾದರೆ ಮೊದಲನೆಯದು ಎಲ್ಲಿಂದ ಬಂತು ಎಂದು ಕೇಳಿದ್ದಳು. ಸಮುದ್ರದ ತಳದಲ್ಲಿ ಬಿಸಿನೀರು ಚಿಮ್ಮುವ ಕಡೆ ಎನ್ನುವವರಿದ್ದಾರೆ, ಒಣಗಿ ತುಂಬಿ ಒಣಗುವ ಹೊಂಡದಲ್ಲಿ ಎನ್ನುವವರಿದ್ದಾರೆ, ಆಕಾಶದಿಂದ ಬಿದ್ದ ಕಲ್ಲುಗಳು ಅದರ ಸಾಮಾನು ತಂದವು ಎನ್ನುವವರೂ ಇದ್ದಾರೆ. ಗಾಜಿನ ಪಾತ್ರೆಯಲ್ಲಿ ಜೀವಕ್ಕೆ ಬೇಕಾದ ಕೆಲವು ಚೂರುಗಳನ್ನು ಮಾಡಿದ್ದಾರೆ, ಜೀವವನ್ನು ಮಾಡಿಲ್ಲ. ಪುಷ್ಪಾವತಿ ಇಷ್ಟು ಹೇಳಿ, "ಖಚಿತವಾಗಿ ಇನ್ನೂ ಯಾರಿಗೂ ಗೊತ್ತಿಲ್ಲ" ಎಂದಾಗ ಹಿಂದಿನ ಬೆಂಚಿನವನೊಬ್ಬ, "ಪರೀಕ್ಷಾದಾಗ ಏನ್ ಬರೀಬೇಕ್ರಿ ಹಂಗಾದ್ರ?" ಅಂದಿದ್ದ.

"ನಿಮ್ಮ ಹೆಪ್ಪಿಂದೂ ಹಂಗ ನೋಡ್ರಿ," ಎಂದಳು ಪುಷ್ಪಾವತಿ. "ಮೊಸರಿಂದ ಮೊಸರ. ಮೊದಲನೇದು?"

"ನನ್ನ ಅತ್ತಿ ಕೊಟ್ಲು. ಆಕಿಗೆ ಆಕಿ ಅತ್ತಿ. ಅದರಾಚಿ ನನಗೇನ್ ಗೊತ್ತು?" ಮುದುಕಿ ಕಟ್ಟೆಯ ಪಕ್ಕಕ್ಕೆ ಎಲೆ ಅಡಿಕೆ ಉಗುಳಿದಳು. "ಆದ್ರ ತವರಮನಿ ಹೊಳೆಮಣ್ಣೂರಾಗ ಒಮ್ಮಿ ಹೊಳಿ ಬಂದು ಊರಾಗ ಹನಿ ಹೆಪ್ಪ ಉಳೀಲಿಲ್ಲ. ನಮ್ಮವ್ವ ಹಾಲಿಗೆ ಒಣ ಮೆಣಸಿನಕಾಯಿ ತೊಟ್ಟ ಹಾಕಿ ಇಟ್ಲು. ಮೊಸರಾತು. ಹ್ಯಾಂಗಾತಂತ ಕೇಳಬ್ಯಾಡ್ರಿ."

ಶ್ರಾವಣ ಮುಗಿಯುವ ಹೊತ್ತಿಗೆ ಫಕೀರವ್ವ ಹೋದಳು. ಮಧ್ಯಾಹ್ನ ಉಂಡು ಅಡ್ಡಾದವಳು ಏಳಲಿಲ್ಲ. ಬೀಗರು ನೆಂಟರೆಲ್ಲ ಬಂದು ಬಾಯಿಬಿಟ್ಟು ಅತ್ತರು. ಪುಷ್ಪಾವತಿ ಹಿಂದೆ ಗೋಡೆಗೆ ಆತು ಕೂತಿದ್ದಳು. ಗಟ್ಟಿಯಾಗಿ ಅಳೋಣವೆಂದರೆ, ಇವಳು ಏನಾಗಬೇಕು ಅವಳಿಗೆ ಎಂದು ಯಾರಾದರೂ ಕೇಳಿದರೆ ಹೇಳಲು ಒಂದು ಹೆಸರಿರಲಿಲ್ಲ. ಹಾಲು ಕಾಯಿಸಿ ಕುಡಿಯುತ್ತ ಕೆಲವು ದಿನ ಕಳೆದಳು. ಕೊನೆಗೆ ತಡೆಯಲಾರದೆ ಒಂದು ಸಂಜೆ ತನ್ನ ಮಣ್ಣಿನ ಕುಡಿಕೆ ಹಿಡಿದು ಆ ಬಾಗಿಲಿಗೆ ಹೋದಳು. ಸೊಸೆ ನೇತ್ರಾ ಹೊರಗೆ ಬಂದಳು.

"ಹೆಪ್ಪ? ನಮ್ಮನ್ಯಾಗ ಎಲ್ಲೈತ್ರಿ ಅಕ್ಕೋರ? ನಾವು ಪಾಕೀಟ ಮೊಸರ ತರೋದು."

"ಅವ್ವಾರು ದಿನಾ..."

"ಅತ್ತಿ ಮೊಸರ ಮುಟ್ತಿದ್ದಿಲ್ರಿ, ದಮ್ಮ ಬರ್ತಿತ್ತಲ್ಲ. ನಿಮ್ಮ ಸಲುವಾಗಿ ದಿನಾ ಒಂದು ಕುಡಿಕಿ ಹಾಕ್ತಿದ್ಲು. ಯಾಕ ಬೇಕತ್ತಿ ಈ ಉಸಾಬರಿ ಅಂದ್ರ, 'ಹೆಪ್ಪ ಇಲ್ಲಂದ್ರ ಅಕ್ಕೋರು ಯಾಕ ಬರ್ತಾರ?' ಅಂತಿದ್ಲು." ನೇತ್ರಾ ಸೆರಗಿನಿಂದ ಕಣ್ಣು ಒರೆಸಿಕೊಂಡಳು. "ಮನಿ ತೊಳಿಯುವಾಗ ಅದನ್ನ ಚೆಲ್ಲಿಬಿಟ್ವಿ. ಪಾಕೀಟ ಒಯ್ತೀರೇನ್ರಿ?"

ಪುಷ್ಪಾವತಿ ಬೇಡವೆಂದು ತಲೆಯಾಡಿಸಿದಳು. ರಸ್ತೆ ದಾಟಿ ಬಾಗಿಲು ಹಾಕಿಕೊಂಡ ಮೇಲೆ, ಅಂದು ಅಳಲಾಗದ್ದನ್ನೆಲ್ಲ ಅತ್ತಳು. ತುಂಬಿದ ಮನೆಯ ಮುದುಕಿಯೂ ತನ್ನ ಹಾಗೆಯೇ ಸಂಜೆಯ ದಾರಿ ಕಾಯುತ್ತಿದ್ದಳೆಂದು ಅವಳಿಗೆ ಒಮ್ಮೆಯೂ ಹೊಳೆದಿರಲಿಲ್ಲ.

ಅತ್ತು ಮುಗಿದ ಮೇಲೆ ಹಾಲು ಬೆಚ್ಚಗೆ ಮಾಡಿ, ಅದೇ ಕುಡಿಕೆಗೆ ಸುರಿದು, ಒಣಮೆಣಸಿನಕಾಯಿಯ ತೊಟ್ಟುಗಳನ್ನು ಹಾಕಿಟ್ಟಳು. ಬೆಳಿಗ್ಗೆ ಮುಚ್ಚಳ ತೆಗೆದರೆ ಮೊಸರಾಗಿತ್ತು. ತೆಳುವಾಗಿತ್ತು, ಆದರೆ ಮೊಸರೇ. ಹೆಪ್ಪಿಲ್ಲದೆ ಹುಟ್ಟಿದ ಮೊಸರು ಎಂದು ಹಿಗ್ಗಿದವಳ ಕಣ್ಣು ಕುಡಿಕೆಯ ಮೇಲೆ ನಿಂತಿತು. ವರ್ಷಾನುಗಟ್ಟಲೆ ಫಕೀರವ್ವನ ಹೆಪ್ಪು ಕುಡಿದ ಮಣ್ಣು ಅದು. ತಣ್ಣೀರಲ್ಲಿ ತೊಳೆದಿದ್ದಳಷ್ಟೆ. ಪಾತ್ರೆಯನ್ನು ಕುದಿಸದೆ ಮಾಡಿದ ಪ್ರಯೋಗವನ್ನು ನಂಬಬೇಡಿ ಎಂದು ಪ್ರತಿ ವರ್ಷ ಮಕ್ಕಳಿಗೆ ಹೇಳುವವಳು ತಾನೇ ತಪ್ಪು ಮಾಡಿದ್ದಳು. ಜೀವ ಬಂದದ್ದು ತೊಟ್ಟಿನಿಂದಲೋ, ಗಾಳಿಯಿಂದಲೋ, ಆ ಮುದುಕಿಯಿಂದಲೋ?

ತಿಳಿಯುವುದು ಕಷ್ಟವಿರಲಿಲ್ಲ. ಸ್ಟೀಲಿನ ಬಟ್ಟಲು ಕುದಿಸಿ ಇನ್ನೊಮ್ಮೆ ಇಟ್ಟರೆ ಸುಳಿವು ಸಿಗುತ್ತಿತ್ತು. ಒಲೆಯ ಮೇಲೆ ನೀರಿಟ್ಟಳು ಕೂಡ. ಆಮೇಲೆ ಒಲೆ ಆರಿಸಿದಳು. ಗೊತ್ತಿಲ್ಲದಿದ್ದರೆ ಗೊತ್ತಿಲ್ಲದೇ ಇರಲಿ ಅನ್ನಿಸಿತು.

ಆ ದಿನ ಮೊದಲ ಸಲ ಅವಳು ಒಂದು ಚಮಚ ಹೆಪ್ಪು ತೆಗೆದಿಟ್ಟಳು. ಸಂಜೆ ದೀಪ ಹಚ್ಚಿ, ಬಟ್ಟಲನ್ನು ತನ್ನ ಹೊಸ್ತಿಲ ಹೊರಗಿಟ್ಟು, ಬಾಗಿಲು ತೆರೆದು ಕೂತಳು. ಓಣಿಯಲ್ಲಿ ಈಗ ಎಲ್ಲರ ಮನೆಗೂ ಪಾಕೀಟು ಬರುತ್ತದೆ, ಹೆಪ್ಪು ಕೇಳುವವರಿಲ್ಲ ಎಂಬುದು ಅವಳಿಗೆ ಗೊತ್ತು. ಆದರೂ ದಿನಾ ಬಟ್ಟಲು ಹೊರಗಿಡುತ್ತಾಳೆ, ಮುಖ ಆಚೆ ತಿರುಗಿಸಿ ಕೂರುತ್ತಾಳೆ.