ಎರಡು ಗೋಡೆಗಳ ನಡುವೆ ಪಟಾಲಮ್ಮ

ಬೆಳಗಿನ ಆರು ಗಂಟೆ ಇನ್ನೂ ಆಗಿಲ್ಲ. ಬಸವೇಶ್ವರನಗರದ ಒಂದು ಅಡ್ಡರಸ್ತೆಯಲ್ಲಿ, ಎರಡು ಮನೆಗಳ ನಡುವಿನ ಸಂದಿಯ ಬಾಯಲ್ಲಿ ನಿಂತು ತಲೆಯೆತ್ತಿ ನೋಡುತ್ತಿದ್ದೇನೆ. ಎರಡನೇ ಮಹಡಿಯ ಎತ್ತರದಲ್ಲಿ ಒಬ್ಬ ಹೆಂಗಸು ಒಂದು ಮನೆಯ ಗೋಡೆಗೆ ಬೆನ್ನು ಒತ್ತಿ, ಇನ್ನೊಂದು ಮನೆಯ ಗೋಡೆಗೆ ಎರಡೂ ಪಾದ ಒತ್ತಿ ಕೂತಿದ್ದಾರೆ. ಕೆಳಗೆ ಏಣಿಯಿಲ್ಲ, ಮೇಲೆ ಹಗ್ಗವಿಲ್ಲ. ಕೂತಿದ್ದಾರೆ ಎಂದು ಬರೆಯಲೂ ನನಗೆ ದಿಗಿಲು, ಏಕೆಂದರೆ ಕೂರಲು ಅಲ್ಲಿ ಏನೂ ಇಲ್ಲ.

ಇವರು ಪಟಾಲಮ್ಮ. ಹೊಸ ಮನೆಗೆ ಬಣ್ಣ ಬಳಿಯುವಾಗ ಕಿಟಕಿ ಗಾಜಿನ ಮೇಲೆ ಸಿಡಿದು ಒಣಗಿದ ಪೇಂಟನ್ನು ಕೆರೆದು ತೆಗೆಯುವುದು ಇವರ ಕೆಲಸ. ಒಳಗಿನಿಂದ ಕೈಗೆ ಸಿಗುವ ಗಾಜನ್ನು ಯಾರು ಬೇಕಾದರೂ ಒರೆಸಿಕೊಳ್ಳುತ್ತಾರೆ. ಆದರೆ ಮೆಟ್ಟಿಲ ಪಕ್ಕದ ಗಾಜು ತೆರೆಯುವುದೇ ಇಲ್ಲ. ಹೊರಗಿರುವ ಸಂದಿಯೋ, ಎರಡಡಿಗಿಂತ ಚೂರು ಹೆಚ್ಚು. ಏಣಿ ಓರೆ ಮಾಡಲು ಜಾಗವಿಲ್ಲ. ಪೇಂಟರುಗಳು ಟೆರೇಸಿನಿಂದ ಉದ್ದ ಕೋಲಿಗೆ ರೋಲರ್ ಕಟ್ಟಿ ಗೋಡೆಗೆ ಬಳಿದು ಹೋಗುತ್ತಾರೆ. ಗಾಜನ್ನು ಕೋಲಿನಿಂದ ಕೆರೆಯುವುದಕ್ಕೆ ಆಗುತ್ತದೆಯೇ? ಆಗ ಪಟಾಲಮ್ಮನಿಗೆ ಫೋನು ಬರುತ್ತದೆ.

“ಹಗ್ಗ ಮನೇಲಿದೆ ಸಾರ್. ಮೇಲೆ ಹಿಡ್ಕೊಂಡು ನಿಲ್ಲೋರು ಬೇಕಲ್ಲ” ಎಂದಿದ್ದರು, ಹತ್ತುವ ಮೊದಲು. “ನಮ್ಮೆಜಮಾನ್ರು ಹಿಡೀತಿದ್ರು. ಈಗ ಅವ್ರಿಗೆ ಸೊಂಟಾನೇ ಎತ್ತಕ್ಕಾಗಲ್ಲ. ಓನರ್‌ಗೆ ಬಂದು ಹಗ್ಗ ಹಿಡ್ಕೊಳ್ಳಿ ಅನ್ನಕ್ಕಾಗತ್ತಾ?”

ಯಜಮಾನರು ಬೈರಯ್ಯ, ಪೇಂಟರ್ ಆಗಿದ್ದವರು. ಶ್ರೀಗಂಧದ ಕಾವಲ್‌ನ ಶೀಟ್ ಮನೆಯಿಂದ ಗಂಡನ ಜೊತೆ, ಬಣ್ಣಕ್ಕೆ ಮೊದಲು ಗೋಡೆಗೆ ಹಚ್ಚುವ ಪುಟ್ಟಿ ಕಲೆಸಲು ಬರುತ್ತಿದ್ದ ಪಟಾಲಮ್ಮ ಒಂದು ದಿನ ಸಂದಿಗೆ ಇಳಿದರು. “ಮೇಸ್ತ್ರಿಗೆ ಹೊಟ್ಟೆ ಅಡ್ಡ ಬಂತು. ನಾನು ಸಣ್ಣಗಿದ್ದೆ, ತೂರ್ಕೊಂಡೆ. ಅಷ್ಟೇ ಸಾರ್, ಟ್ರೈನಿಂಗ್ ಗೀನಿಂಗ್ ಏನಿಲ್ಲ.” ಸೀರೆಯ ಮೇಲೆ ಗಂಡನ ಹಳೇ ತುಂಬುತೋಳಿನ ಅಂಗಿ ಹಾಕುತ್ತಾರೆ. ಅದು ಮೊದಲು ಹರಿಯುವುದು ಬೆನ್ನಿನಲ್ಲೇ. ಗೃಹಪ್ರವೇಶದ ತಿಂಗಳುಗಳಲ್ಲಿ ದಿನಕ್ಕೆ ಎರಡು ಮೂರು ಮನೆ. ಆಷಾಢದಲ್ಲಿ ಒಂದೂ ಇಲ್ಲ.

ಮೇಲೆ ಪಟಾಲಮ್ಮ ಬಾಟಲಿಯಿಂದ ಸೋಪಿನ ನೀರು ಚಿಮುಕಿಸಿ, ಬಣ್ಣ ನೆನೆಯಲು ಬಿಟ್ಟು, ಬ್ಲೇಡು ಓರೆ ಹಿಡಿದು ಕೆರೆಯುತ್ತಿದ್ದಾರೆ. ಅವರು ಬೆನ್ನು ಕೊಟ್ಟಿರುವುದು ಪಕ್ಕದ ಹಳೇ ಮನೆಯ ಗೋಡೆಗೆ; ಎಡ ಭುಜದ ಪಕ್ಕದಲ್ಲೇ ಆ ಮನೆಯ ಕಿಟಕಿ. ಮರದ ರೆಕ್ಕೆ, ಹೊರಕ್ಕೆ ತೆರೆಯುವಂಥದ್ದು. ಹತ್ತುವ ಮುಂಚೆ ಅದನ್ನು ತೋರಿಸಿಯೇ ಕೇಳಿದ್ದರು: “ಸಾರ್, ಪಕ್ಕದ ಮನೆಯೋರಿಗೆ ಹೇಳಿದೀರ ತಾನೇ, ತೆಗೀಬೇಡಿ ಅಂತ?” ಹೊಸ ಮನೆಯ ಮಾಲೀಕ ಶ್ಯಾಮಸುಂದರ ಅವರು, “ಹೇಳಾಗಿದೆ, ಹತ್ತಮ್ಮ” ಅಂದಿದ್ದರು.

ಚಿಲಕ ಸರಿದ ಸದ್ದು ನನಗೆ ಕೆಳಗೂ ಕೇಳಿಸುತ್ತದೆ. ರೆಕ್ಕೆ ಹೊರಬಂದು ಪಟಾಲಮ್ಮನ ಭುಜಕ್ಕೆ ಬಡಿಯುತ್ತದೆ. ಬ್ಲೇಡು ಟಣ್ಣೆಂದು ನನ್ನ ಕಾಲ ಬಳಿ ಬೀಳುತ್ತದೆ. ಅವರ ಒಂದು ಪಾದ ಗೋಡೆ ಬಿಟ್ಟು ಗಾಳಿಯಲ್ಲಿದೆ. ನನ್ನ ಜೀವ ಬಾಯಿಗೆ ಬಂದಿದೆ.

“ತಳ್ಳಬೇಡಿ ಅಮ್ಮಾ. ಹೊರಗೆ ನಾನಿದೀನಿ.”

“ಯಾರದು?”

“ಗಾಜು ಕೆರೆಯೋಳು.”

ರೆಕ್ಕೆ ಮೆಲ್ಲನೆ ಒಳಕ್ಕೆ ಹೋಗುತ್ತದೆ. ಗಾಳಿಯಲ್ಲಿದ್ದ ಪಾದ ಗೋಡೆ ಹುಡುಕಿಕೊಳ್ಳುತ್ತದೆ. ಅವರು ಬೆನ್ನು ಜಾರಿಸುತ್ತಾ ಇಂಚಿಂಚೇ ಕೆಳಗಿಳಿದು ಬರುವವರೆಗೆ ನಾನು ಉಸಿರಾಡಿದ್ದು ನೆನಪಿಲ್ಲ.

ಯಾಕೆ ಹೇಳಿರಲಿಲ್ಲ ಎಂದು ಶ್ಯಾಮಸುಂದರ ಅವರನ್ನು ಕೇಳುತ್ತೇನೆ. “ಮನೆ ಸುತ್ತ ಜಾಗ ಬಿಡೋ ಸೆಟ್‌ಬ್ಯಾಕ್ ಜಗಳ ಆದ್ಮೇಲೆ ಅವ್ರಿಗೂ ನಮಗೂ ಮಾತಿಲ್ಲ ಸಾರ್. ನಾನಾಗಿ ಹೋಗಿ ಹೆಂಗೆ ಮಾತಾಡ್ಸಲಿ?” ಎನ್ನುತ್ತಾರೆ. ಅದನ್ನು ಅವರು ಹೇಳಿದ ಸಲೀಸಿಗೆ ನಾನು ದಂಗಾಗಿದ್ದೇನೆ. ಒಂದು ಮಾತು ಆಡಿದ್ದರೆ ಇವರ ಗಂಟೇನು ಹೋಗುತ್ತಿತ್ತು? ಇವರ ಬಿಂಕಕ್ಕೆ ಒಂದು ಜೀವ ಹೋಗುತ್ತಿತ್ತಲ್ಲ.

ಅಷ್ಟರಲ್ಲಿ ಪಕ್ಕದ ಮನೆಯ ವತ್ಸಲಾ, ನಿವೃತ್ತ ಶಿಕ್ಷಕಿ, ಬರಿಗಾಲಲ್ಲಿ ಓಡಿಬಂದಿದ್ದಾರೆ. ಅವರು ಶ್ಯಾಮಸುಂದರರತ್ತ ತಿರುಗಿಯೂ ನೋಡುವುದಿಲ್ಲ. ಪಟಾಲಮ್ಮನ ಕೈ ಹಿಡಿದುಕೊಂಡವರು ಬಿಡುತ್ತಲೇ ಇಲ್ಲ. “ಕಾಫಿ ಇಟ್ಟು ಕಿಟಕಿ ತೆಗೆಯೋಕೆ ಬಂದೆ. ನನ್ನ ಕೈಯಾರೆ ನಿಮ್ಮನ್ನ ಸಾಯಿಸ್ಬಿಡ್ತಿದ್ನಲ್ಲಮ್ಮ.”

“ನಿಮಗೇನು ಗೊತ್ತು, ಬಿಡಿ” ಎಂದು ಪಟಾಲಮ್ಮ ನೀರು ಕುಡಿಯುತ್ತಾರೆ, ಭುಜ ಉಜ್ಜಿಕೊಳ್ಳುತ್ತಾರೆ, ಬ್ಲೇಡು ಎತ್ತಿಕೊಳ್ಳುತ್ತಾರೆ. ಮತ್ತೆ ಹತ್ತುವುದೇ ಎಂದು ನಾನು ಗಾಬರಿಯಿಂದ ಕೇಳಿದರೆ, “ಅರ್ಧ ಗಾಜು ಹಂಗೇ ಬಿಟ್ಟೋದ್ರೆ ಇನ್ನೊಂದು ಮನೆಗೆ ಯಾರು ಕರೀತಾರೆ ಸಾರ್?” ಎನ್ನುತ್ತಾರೆ. ಇನ್ನು ಆ ಕಿಟಕಿಯ ತಂಟೆಗೇ ಹೋಗುವುದಿಲ್ಲ, ಮೊಳೆ ಹೊಡೆಸಿಬಿಡುತ್ತೇನೆ ಎನ್ನುತ್ತಾರೆ ವತ್ಸಲಾ.

“ಅಯ್ಯೋ, ಗಾಳಿ ಬೆಳಕು ಬೇಡ್ವಾ? ತೆಗೀರಿ” ಎಂದು ಪಟಾಲಮ್ಮ ನಗುತ್ತಾರೆ. ಆಮೇಲೆ ನನ್ನತ್ತ ತಿರುಗಿ, “ಪೇಪರಲ್ಲಿ ಬರೆಯೋದಾದ್ರೆ ಇಷ್ಟು ಬರೀರಿ ಸಾರ್” ಎನ್ನುತ್ತಾರೆ. “ಪಕ್ಕದಲ್ಲಿ ಹೊಸ ಮನೆ ಎದ್ದಿದ್ರೆ, ಕಿಟಕಿ ತೆಗೆಯೋ ಮುಂಚೆ ಒಳಗಿಂದ ಒಂದ್ಸಲ ತಟ್ಟಿ ಅಂತ. ನಾನಿದ್ರೆ, ಇದೀನಿ ಅಂತೀನಿ.”