ಹಾಸು ಮುಗಿಯುವವರೆಗೆ

ಬಸ್ಸಿನಲ್ಲಿ ನಮ್ಮ ಯಜಮಾನರು ಕಿಟಕಿ ಪಕ್ಕದ ಸೀಟನ್ನು ನನಗೆ ಬಿಟ್ಟುಕೊಡುವುದಿಲ್ಲ. ಕಿಟಕಿ ಸಿಕ್ಕರೆ ನಾನು ‘ವೀಡು ವಿರ್ಪನೈಕ್ಕು’ ಬೋರ್ಡುಗಳನ್ನು ಓದುತ್ತೇನೆ, ಓದಿದರೆ ಇಳಿಯುತ್ತೇನೆ, ಇಳಿದರೆ ಕೊಂಡೇ ಹತ್ತುತ್ತೇನೆ ಎಂಬುದು ಅವರ ದೂರು. ಮನೆ ಮಾರಾಟಕ್ಕಿದೆ ಎಂಬ ಬೋರ್ಡು ಕಂಡರೆ ನನ್ನ ಕಾಲು ನನ್ನ ಮಾತು ಕೇಳುವುದಿಲ್ಲ, ನಿಜ. ಇಂಥ ಹುಚ್ಚು ಮೇಷ್ಟ್ರಮ್ಮನಿಗೆ ಯಾಕೆ ಬಂತು ಎಂದು ಬೀದಿಯವರೆಲ್ಲ ಕೇಳಿದ್ದಾರೆ. ಮೂವತ್ತು ವರ್ಷ ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟವಳಿಗೆ ಇದಕ್ಕೆ ಮಾತ್ರ ಉತ್ತರ ಗೊತ್ತಿಲ್ಲ.

ಅಣೆಕಟ್ಟಿನ ನೀರು ಕಾಣುತ್ತದೆ ಎಂದು ಕೊಳತ್ತೂರಿನಲ್ಲಿ ಒಂದು ಮನೆ ಕೊಂಡೆ. ನೀರು ಇನ್ನೂ ಚೆನ್ನಾಗಿ ಕಾಣಲಿ ಎಂದು ಮಹಡಿ ಕಟ್ಟಿಸಿದೆ. ನನ್ನನ್ನು ನೋಡಿ ಎದುರುಮನೆಯವನೂ ಕಟ್ಟಿಸಿದ. ಈಗ ಅಲ್ಲಿಂದ ಅವನ ಪ್ಲಾಸ್ಟಿಕ್ ಟ್ಯಾಂಕಿನ ನೀರು ಕಾಣುತ್ತದೆ. ಹವೆ ತಂಪು ಎಂದು ಮಾರಂಡಹಳ್ಳಿಯಲ್ಲಿ ಇನ್ನೊಂದು. ಅಲ್ಲಿ ಮೂರು ಸಲ ಬಣ್ಣ ಬದಲಾಯಿಸಿ, ಹಾಲ್‌ಗೆ ಹೊಳೆಯುವ ಗ್ರಾನೈಟ್ ಹಾಕಿಸಿದೆ. ಬಾಡಿಗೆಯವರು ಅದರ ಮೇಲೆ ರಾಗಿ ಹರಡುತ್ತಾರೆ. ‘ಚೆನ್ನಾಗಿ ಒಣಗ್ತೈತೆ ಅಕ್ಕ’ ಎಂದು ಫೋನ್ ಮಾಡಿ ಹೊಗಳುತ್ತಾರೆ ಬೇರೆ. ಹೊಗೆನಕಲ್ಲಿಗೆ ಮೀನು ತಿನ್ನಲು ಹೋದಾಗಲೂ ನನ್ನ ಕಣ್ಣು ಬಾಣಲೆಯ ಮೇಲಿರಲಿಲ್ಲ, ಅಂಗಡಿಯ ಹಿಂದಿದ್ದ ಹೆಂಚಿನ ಮನೆಯ ಮೇಲಿತ್ತು. ಯಜಮಾನರು ಅರ್ಧ ತಿಂದ ಮೀನು ಬಿಟ್ಟು ಎದ್ದು, ನನ್ನ ಕೈ ಹಿಡಿದು ಬಸ್ಸಿಗೆ ಹತ್ತಿಸಿದರು.

ಎರಡು ಮನೆಯಲ್ಲೂ ಹಾಲು ಉಕ್ಕಿಸಿದೆ, ಊಟ ಹಾಕಿಸಿದೆ. ಎರಡರಲ್ಲಿ ಒಂದರಲ್ಲೂ ಒಂದು ದಿನವೂ ವಾಸ ಮಾಡಲಿಲ್ಲ. ನಾವು ಇರುವುದು ಸೇಲಂನಲ್ಲಿ, ಬಾಡಿಗೆ ಮನೆಯಲ್ಲಿ.

‘ಸಾಯೋದ್ರೊಳಗೆ ನಮ್ಮದೇ ಮನೇಲಿ ಒಂದು ಲೋಟ ಕಾಫಿ ಕುಡಿಯೋ ಯೋಗ ಐತಾ ನಂಗೆ?’ ಎಂದು ಯಜಮಾನರು ಒಂದು ದಿನ ಕೇಳಿದರು. ತಮಾಷೆಗೆ ಕೇಳಿದ್ದಲ್ಲ. ನನಗೂ ಚುರ್ ಎಂದಿತು. ಹಾಗಾಗಿ ಮೂರನೆಯದನ್ನು ಸೇಲಂನಲ್ಲೇ, ನಾವೇ ಇರಲು ಕೊಂಡೆ. ಕೊಳ್ಳಲು ನೆಪ ಸಿಕ್ಕಿತು ಎಂದು ಅವರು ಇವತ್ತಿಗೂ ಹೇಳುತ್ತಾರೆ.

ಅದು ಕನ್ನಡ ಮಾತಾಡುವ ನಮ್ಮ ನೇಕಾರರ ಬೀದಿಯ ಹಳೇ ಮನೆ. ನಡುಮನೆಯಲ್ಲಿ ಗುಂಡಿಮಗ್ಗ. ಗುಂಡಿಯಲ್ಲಿ ಕಾಲು ಇಳಿಬಿಟ್ಟು, ಮಗ್ಗ ತುಳಿಯುತ್ತ, ಎಪ್ಪತ್ತು ದಾಟಿದ ಒಬ್ಬ ಮುದುಕಿ. ಮನೆ ಅವರದೇ. ಇಬ್ಬರು ಗಂಡುಮಕ್ಕಳು ಮಾರಿ ಪಾಲು ಮಾಡಿಕೊಳ್ಳುವುದೆಂದು ತೀರ್ಮಾನಿಸಿ, ಅಮ್ಮನಿಗೆ ದೊಡ್ಡ ಮಗನ ಫ್ಲ್ಯಾಟಿನಲ್ಲಿ ಒಂದು ರೂಮು ಗೊತ್ತುಮಾಡಿದ್ದರು. ಮುದುಕಿ ಲಾಳಿ ನಿಲ್ಲಿಸದೆ ನನ್ನ ಕುಲ, ಬೆಡಗು, ತವರು ಎಲ್ಲ ವಿಚಾರಿಸಿದರು.

‘ಅಂಗಾರೆ ನಾನು ನಿಂಗೆ ಅತ್ತೆ ಆಗ್ಬೇಕು ಕಣ್ಲೇ’ ಎಂದರು.

ಅಲ್ಲಿಗೆ ನನ್ನ ಚೌಕಾಸಿಯ ಕಥೆ ಮುಗಿಯಿತು. ಅತ್ತೆಯ ಹತ್ತಿರ ಏನು ಚೌಕಾಸಿ ಮಾಡುವುದು?

‘ಫ್ಲ್ಯಾಟಲ್ಲಿ ಮಗ್ಗ ಇಡೋಕಾಗಲ್ವಾ ಅತ್ತೆ?’ ಎಂದೆ, ಮಾತಿಗೆ.

‘ಮೂರನೇ ಮಾಡೀಲಿ ಗುಂಡಿ ತೋಡಾಕಾಯ್ತದಾ? ಕೆಳಗ್ಮನೆಯೋನ ತಲೆ ಮ್ಯಾಲೆ ನನ್ನ ಕಾಲು ಇಳೀತಾವೆ, ಅಷ್ಟೇಯ.’ ನಕ್ಕರು. ಆಮೇಲೆ ನಗು ನಿಲ್ಲಿಸಿ ಹೇಳಿದರು: ‘ಒಂದೇ ಮಾತು. ಮಗ್ಗದ ಮ್ಯಾಲಿರೋ ಆಸು ಮುಗಿಯಾಗಂಟ ನಾ ಇಲ್ಲೇ ಇರ್ತೀನಿ. ನಡುವ್ಗೆ ಕುಯ್ಯಬಾರ್ದು. ನೀನೂ ನೇಯೋರ ಮಗಳು, ನಿಂಗೆ ಏಳ್ಬೇಕಾ?’

ನನಗೆ ಗೊತ್ತಿಲ್ಲದೆ ಏನು! ಹಾಸು ಎಂದರೆ ಮಗ್ಗಕ್ಕೆ ಉದ್ದಕ್ಕೆ ಬಿಗಿದ ನೂಲು; ನಾಲ್ಕೈದು ಸೀರೆಗೆ ಆಗುವಷ್ಟಿರುತ್ತದೆ. ಹೆಚ್ಚೆಂದರೆ ತಿಂಗಳ ಕೆಲಸ. ನಮ್ಮಪ್ಪನ ಮನೆಯಲ್ಲೂ ಮಗ್ಗವಿತ್ತು. ನಾನು ಟೀಚರ್ ಟ್ರೈನಿಂಗಿಗೆ ಹೋದ ವರ್ಷ ಅದನ್ನು ಬಿಚ್ಚಿ ಅಟ್ಟಕ್ಕೆ ಹಾಕಿದರು. ಕ್ರಯಪತ್ರ ಬರೆಯುವವನಿಗೆ ‘ಮಗ್ಗದ ಹಾಸು ಮುಗಿಯುವವರೆಗೆ’ ಎಂದು ಬರೆಯಲು ಹೇಳಿದೆ. ‘ಎತ್ತನೆ ನಾಳ್ ಮೇಡಂ? ತೇದಿ ಪೋಡಣುಂ’ ಎಂದ ಅವನು. ಎಷ್ಟು ದಿನ ಎಂದು ತಾರೀಕು ಹಾಕಬೇಕಂತೆ!

‘ತಾರೀಕೆಲ್ಲ ನಿಮ್ಮಂಥವರಿಗೆ. ಇದು ನಮ್ಮ ಜನದ ಮಾತು’ ಎಂದು ಎದೆ ಉಬ್ಬಿಸಿ ಅವನ ಬಾಯಿ ಮುಚ್ಚಿಸಿದೆ.

ವಾರಕ್ಕೊಮ್ಮೆ ಟೈಲ್ಸ್ ಮಾದರಿಗಳನ್ನು ಚೀಲದಲ್ಲಿ ಹೊತ್ತುಕೊಂಡು ಹೋಗುತ್ತಿದ್ದೆ. ಗುಂಡಿ ಮುಚ್ಚಿ, ಅದರ ಮೇಲೆ ಕೆನೆ ಬಣ್ಣದ ಟೈಲ್ಸ್ ಹಾಸಿ, ಸರಪಳಿ ಉಯ್ಯಾಲೆ ತೂಗುಹಾಕುವುದು ನನ್ನ ಯೋಜನೆ. ಮೇಸ್ತ್ರಿ ನೆಲ ಅಳೆದ, ಗೋಡೆ ಕುಟ್ಟಿ ನೋಡಿದ, ನನಗಿಂತ ಉತ್ಸಾಹದಲ್ಲಿ ತಲೆ ಆಡಿಸಿದ. ಅತ್ತೆ ಒಂದು ಟೈಲ್ಸ್ ತೆಗೆದುಕೊಂಡು ಬಿಸಿ ಕಾಫಿ ಲೋಟ ಅದರ ಮೇಲಿಟ್ಟರು. ‘ಚೆನ್ನಾಗೈತೆ, ಬಿಸಿ ತಡೀತೈತೆ’ ಎಂದರು. ಆ ಟೈಲ್ಸ್ ನನಗೆ ವಾಪಸ್ ಬರಲಿಲ್ಲ.

ತಿಂಗಳು ಕಳೆದ ಮೇಲೆ ಒಂದು ಬೆಳಿಗ್ಗೆ ಹೋದರೆ, ಬೀದಿಯುದ್ದಕ್ಕೂ ಹೊಸ ಹಾಸು ಚಾಚಿದ್ದರು. ಅತ್ತೆ ಅದರ ತುದಿಯಲ್ಲಿ ನಿಂತು ನೂಲಿಗೆ ಹಚ್ಚಿದ ಗಂಜಿ ಒಣಗಿತಾ ಎಂದು ಮುಟ್ಟಿ ನೋಡುತ್ತಿದ್ದರು. ನನಗೆ ತಲೆ ಕೆಟ್ಟುಹೋಯಿತು.

‘ಅತ್ತೆ, ಹಳೇ ಹಾಸು ಮುಗೀತಲ್ಲ!’

‘ಎಲ್ಲಿ ಮುಗೀತು? ಬಾ ಒಳಕ್ಕೆ.’

ಮಗ್ಗದ ಮೇಲೆ ಹಳೇ ಹಾಸಿನ ಮೊಳದುದ್ದದ ಬಾಲ ಇತ್ತು. ಕೂಲಿಗೆ ಬಂದವನೊಬ್ಬ ಅದರ ಒಂದೊಂದು ಎಳೆಗೂ ಹೊಸ ಹಾಸಿನ ಒಂದೊಂದು ಎಳೆ ತಿರುವಿ ಕೂಡಿಸುವುದಕ್ಕೆ ಸಿದ್ಧನಾಗುತ್ತಿದ್ದ. ಹಳೇದನ್ನು ಪೂರ್ತಿ ನೇಯ್ದು ತೆಗೆದುಬಿಟ್ಟರೆ ಹೊಸ ನೂಲನ್ನು ಹಣಿಗೆಯ, ಅಂದರೆ ಮಗ್ಗದ ಬಾಚಣಿಗೆಯ, ಸಂದಿಗಳಲ್ಲಿ ಒಂದೊಂದಾಗಿ ಮತ್ತೆ ಪೋಣಿಸಬೇಕು. ಅದಕ್ಕೇ ಯಾವ ನೇಕಾರನೂ ಹಾಸನ್ನು ಮುಗಿಯಲು ಬಿಡುವುದಿಲ್ಲ.

‘ನಾ ಮದ್ವೆಯಾಗಿ ಬಂದಾಗ ನಮ್ಮತ್ತೆ ಆಸು ಮಗ್ಗದ ಮ್ಯಾಲಿತ್ತು. ಅದಕ್ಕೆ ನಂದು ಕೂಡಿಸ್ದೆ. ಅದಕ್ಕೆ ಇನ್ನೊಂದು, ಅದಕ್ಕೆ ಇನ್ನೊಂದು. ಇವತ್ತುಗಂಟ ಮುಗಿದಿಲ್ಲ ಕಣೆ ಅಮ್ಮಿ.’

ಥೂ ನನ್ನ ಬುದ್ಧಿಗೆ! ಅಪ್ಪನ ಮನೆಯಲ್ಲಿ ಸ್ಕೂಲಿಗೆ ಹೋಗುವ ಮುಂಚೆ ಆ ಎಳೆ ಕೂಡಿಸುತ್ತಿದ್ದವಳು ನಾನೇ. ಅಷ್ಟನ್ನೂ ಮರೆತು, ನಮ್ಮ ಜನದ ಮಾತು ಎಂದು ಎದೆ ಉಬ್ಬಿಸಿ, ಮುಗಿಯದ ವಾಯಿದೆಗೆ ರುಜು ಹಾಕಿ ಬಂದಿದ್ದೆ. ಮನೆಗೆ ಬಂದು ಹೇಳಿದರೆ ಯಜಮಾನರು ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ಲೆಕ್ಕದ ಮೇಷ್ಟ್ರಮ್ಮ, ಲೆಕ್ಕದ ಮೇಷ್ಟ್ರಮ್ಮ ಎಂದು ಎರಡು ದಿನ ಅದನ್ನೇ ಜಪಿಸಿದರು.

ಆಮೇಲೆ ಇನ್ನೆರಡು ಹಾಸು ಹೋದವು. ಮುಂಗಡ ಕೊಟ್ಟು ತಂದ ಟೈಲ್ಸ್ ಪೆಟ್ಟಿಗೆಗಳು ನಮ್ಮ ಬಾಡಿಗೆ ಮನೆಯ ಹಾಲ್ ತುಂಬಿಕೊಂಡು, ನಾವು ಅಡುಗೆಮನೆಗೆ ಅಡ್ಡಡ್ಡ ನಡೆದು ಹೋಗಬೇಕಾಯಿತು. ಮುದುಕಿ ಬೇಕಂತಲೇ ನನ್ನನ್ನು ಯಾಮಾರಿಸಿದ್ದಾಳೆ ಎಂದು ಎಷ್ಟೋ ಸಲ ಬೈದುಕೊಂಡೆ.

ಒಂದು ದಿನ ಅವರೇ ಪಕ್ಕದ ಮನೆಯವರ ಫೋನಿನಿಂದ ಮಾತಾಡಿದರು. ‘ಮೇಸ್ತ್ರೀನ ಕರ್ಕೊಂಡ್ ಬಾ ಅಮ್ಮಿ. ಈ ಸಲ ನಿಜವಾಗ್ಲೂ ಮುಗೀತು.’

ಹೊಸ ಹಾಸು ಸಿದ್ಧವಾಗಿತ್ತು, ಆದರೆ ಕೂಡಿಸುವ ಆಳು ಪವರ್‌ಲೂಮಿನ ಕೆಲಸಕ್ಕೆ ಹೊರಟುಹೋಗಿದ್ದ. ಬೀದಿಯಲ್ಲಿ ಆ ಕೆಲಸ ಬಲ್ಲವರು ಬೇರೆ ಉಳಿದಿರಲಿಲ್ಲ. ಅತ್ತೆಗೆ ನೇಯಲು ಕೈ ಅಭ್ಯಾಸ ಸಾಕು, ಒಂಟಿ ಎಳೆ ಹುಡುಕಲು ಕಣ್ಣು ಸಾಲದು. ನಾನು ಹೋದಾಗ ಬಟ್ಟೆಗಂಟು ಬಾಗಿಲ ಹತ್ತಿರ ಇತ್ತು, ದೊಡ್ಡ ಮಗ ಸಂಜೆ ಕಾರು ತರುವವನಿದ್ದ. ಅವರಿನ್ನೂ ಗುಂಡಿಯಲ್ಲೇ ಕೂತಿದ್ದರು. ಮೇಸ್ತ್ರಿ ಹಾರೆ ಹಿಡಿದು ಹೊಸ್ತಿಲಲ್ಲಿ ನಿಂತ.

‘ಒಸಿ ಇರಪ್ಪ, ಕಾಲು ಎತ್ಕೊಂತೀನಿ’ ಎಂದರು ಅತ್ತೆ.

ಒಂದು ಕಾಲು ಎತ್ತಿದರು. ಇನ್ನೊಂದನ್ನು ಕೈಯಿಂದ ಹಿಡಿದು ಮೇಲೆ ತಂದರು. ಮಡಚಿ ಕೂರಲು ನೋಡಿದರು, ಮಂಡಿ ಮಡಚಲಿಲ್ಲ. ಮುಂದಕ್ಕೆ ಚಾಚಿದರು, ಮೇಸ್ತ್ರಿಯ ಕಡೆಗೆ ಕಾಲು ಚಾಚಿದಂತಾಯಿತೆಂದು ನಾಚಿ ಸೀರೆ ಎಳೆದುಕೊಂಡರು. ಐವತ್ತು ವರ್ಷ ಆ ಗುಂಡಿಯಲ್ಲಿದ್ದ ಕಾಲನ್ನು ನೆಲದ ಮೇಲೆ ಎಲ್ಲಿಡಬೇಕೆಂದು ಅವರಿಗೆ ತಿಳಿಯಲಿಲ್ಲ. ನನಗೆ ಅಳು ಬಂತು. ಅಳು ಬಂದದ್ದಕ್ಕೆ ಸಿಟ್ಟೂ ಬಂತು.

‘ಅಮ್ಮಾ, ಉಡೈಕ್ಕಟ್ಟಾ?’ ಎಂದ ಮೇಸ್ತ್ರಿ, ಒಡೆಯಲು ಆತುರಪಟ್ಟು.

‘ಹೋಗಿ ಟೀ ಕುಡಿ. ಇವತ್ತಿಗೆ ಬರಬೇಡ’ ಎಂದೆ. ಆಮೇಲೆ ಅತ್ತೆಯ ಕಡೆ ತಿರುಗಿದೆ. ‘ಬೂದಿ ಎಲ್ಲಿಟ್ಟಿದ್ದೀರಿ?’

ಬೆರಳಿಗೆ ಬೂದಿ ಹಚ್ಚಿಕೊಳ್ಳದೆ ಎಳೆ ತಿರುವಲು ಬರುವುದಿಲ್ಲ. ಅತ್ತೆ ತೆಂಗಿನ ಚಿಪ್ಪಿನಲ್ಲಿದ್ದ ಬೂದಿಯನ್ನು ನನ್ನ ಕಡೆ ತಳ್ಳಿ, ಕಾಲನ್ನು ಮತ್ತೆ ಗುಂಡಿಗೆ ಇಳಿಬಿಟ್ಟರು. ಸಂಜೆ ಬಂದ ಮಗ ಖಾಲಿ ಕಾರಿನಲ್ಲಿ ವಾಪಸ್ ಹೋದ.

ಮೂರು ದಿನ ಹಿಡಿಯಿತು. ಬೆರಳಿಗೆ ಎಲ್ಲ ನೆನಪಿತ್ತು, ಸೊಂಟಕ್ಕೆ ಏನೂ ನೆನಪಿರಲಿಲ್ಲ. ಯಜಮಾನರು ಮಧ್ಯಾಹ್ನ ಊಟದ ಕ್ಯಾರಿಯರ್ ತಂದು ಹೊಸ್ತಿಲ ಮೇಲೆ ಕೂತರು.

‘ನೀನೇ ಕೂಡಿಸ್ತಾ ಇದೀಯ. ನಮ್ಮ ಮನೆ ಮತ್ತೆ ಮುಂದಕ್ಕೆ ಓಯ್ತು, ಗೊತ್ತು ತಾನೆ?’

‘ಗೊತ್ತು.’

ಅವರು ಅನ್ನ ಕಲಸಿ ತಟ್ಟೆ ನನ್ನ ಹತ್ತಿರ ಇಟ್ಟರು, ನನ್ನ ಕೈ ಬೂದಿಯಾಗಿತ್ತಲ್ಲ, ಚಮಚವನ್ನೂ ಇಟ್ಟರು.

ಕೊನೆಯ ಎಳೆ ಕೂಡಿಸಿದ ಮೇಲೆ ಅತ್ತೆ ಹಾಸನ್ನು ಮೆಲ್ಲಗೆ ಮುಂದಕ್ಕೆ ಎಳೆದರು. ಕೂಡಿಸಿದ ಎಳೆಗಳು ಸಾಲಾಗಿ ಹಣಿಗೆ ದಾಟತೊಡಗಿದವು. ನಾನು ಬಗ್ಗಿ ನೋಡಿದೆ. ಪಟ್ ಪಟ್ ಎಂದು ಮೂರು ಎಳೆ ಬಿಟ್ಟುಕೊಂಡವು.

‘ಏನ್ಲೇ ಇದು ತಿರುವಿರೋದು? ಸ್ಕೂಲಲ್ಲಿ ಇದೇ ಏಳ್ಕೊಟ್ಟಾ ಮಕ್ಳಿಗೆ?’ ಎಂದು ಅತ್ತೆ ಗದರಿದರು. ‘ಮುಂದ್ಲ ಸಲ ಬಿಗಿಯಾಗಿ ತಿರುವು.’

ನನ್ನ ಹೆಸರಿಗೆ ಪತ್ರವಾಗಿರುವ ಮನೆಯಲ್ಲಿ ನೆಲದ ಮೇಲೆ ಕೂತು, ಬೂದಿ ಕೈಯನ್ನು ಸೀರೆಗೆ ಒರೆಸಿಕೊಂಡು, ‘ಆಯ್ತು ಅತ್ತೆ’ ಎಂದೆ.